ಕೊನೆಯ ಹೆಸರಿನ ಮೇಷ್ಟ್ರು

ಗಣಿತದವರಲ್ಲಿ ಒಂದು ಪದ್ಧತಿಯಿದೆ. ನಾಲ್ಕು ಜನ ಸೇರಿ ಪೇಪರ್ ಬರೆದರೂ ಹೆಸರುಗಳನ್ನು ಅಕಾರಾದಿಯಾಗಿಯೇ ಹಾಕುತ್ತಾರೆ. ಯಾರು ಹೆಚ್ಚು ಬೆವರು ಸುರಿಸಿದರು ಎಂದು ಕೇಳುವುದಿಲ್ಲ. ನಮ್ಮ ಮೇಷ್ಟ್ರ ಹೆಸರು ಅಕ್ಷರಮಾಲೆಯ ಬಾಲದಲ್ಲಿತ್ತು. ಇಪ್ಪತ್ತಾರು ವರ್ಷಗಳ ಹತ್ತೊಂಬತ್ತು ಪೇಪರುಗಳಲ್ಲೂ ಅವರೇ ಕೊನೆ. ಹಿಂದೊಮ್ಮೆ ಜೊತೆಯಲ್ಲಿ ಪೇಪರ್ ಬರೆದ ಶಿಷ್ಯೆಯೊಬ್ಬಳು ಸಂಕೋಚಪಟ್ಟು, ಕಷ್ಟದ ಭಾಗವೆಲ್ಲ ನಿಮ್ಮದೇ, ನಿಮ್ಮ ಹೆಸರೇ ಮೊದಲಿರಲಿ ಎಂದಾಗ ರೇಗಿಬಿಟ್ಟಿದ್ದರು.

"ನಮ್ಮಲ್ಲಿ ಹಾಗೆಲ್ಲ ಪಾಲು ಹಾಕಲ್ಲ ಕಣಮ್ಮ. ಕೆಲಸ ಇಬ್ಬರದೂ."

ಬಾಗಿದ ಮೇಲ್ಮೈಗಳ ಮೇಲೆ ಶಾಖ ಹೇಗೆ ಹರಡುತ್ತದೆ ಎಂಬುದು ಅವರ ವಿಷಯ. ಜ್ಯಾಮಿತಿಯವರು ಇದು ಅನಾಲಿಸಿಸ್ ಎಂದು ಕೈತೊಳೆದುಕೊಂಡರೆ, ಅನಾಲಿಸಿಸ್‌ನವರು ಇದು ಜ್ಯಾಮಿತಿ ಎಂದು ಮೂಗು ಮುರಿದರು. ಈ ತಳ್ಳಾಟದಲ್ಲಿ ಪ್ರೊಫೆಸರ್ ಹುದ್ದೆ ಎರಡು ಸಲ ಕೈತಪ್ಪಿತು. ಮೂರನೆಯದೇ ಕೊನೆಯ ಅವಕಾಶ. ನಿವೃತ್ತಿಗೆ ಉಳಿದದ್ದು ಒಂದೂವರೆ ವರ್ಷ.

ಅಷ್ಟರಲ್ಲಿ ಹೊಸ ನಿಯಮ ವಕ್ಕರಿಸಿತು: ಪೇಪರಿನ ಮೊದಲ ಹೆಸರಿಗೆ ಪೂರ್ತಿ ಅಂಕ, ಉಳಿದವರ ಕೆಲಸ ದೊಡ್ಡದೆಂದು ಜೊತೆಗೆ ಬರೆದವರು ಹೇಳದಿದ್ದರೆ ಅವರಿಗೆ ಸೊನ್ನೆ. ಮೇಷ್ಟ್ರು ಗಣಿತದ ಪದ್ಧತಿಯನ್ನು ವಿವರಿಸಿ ಮೂರು ಪುಟ ಬರೆದುಕೊಟ್ಟರು. ಗುಮಾಸ್ತ ಅದನ್ನು ಓದದೆಯೇ 'ಇತರೆ' ಎಂದು ಬರೆದ ಫೈಲಿಗೆ ಸೇರಿಸಿದ. ಅವರಿಗೆ ಮೈಯೆಲ್ಲ ಉರಿಯಿತು. ಹೆಂಡತಿಗೆ ಮಾತ್ರ ಧೈರ್ಯವಿತ್ತು, ಏಕೆಂದರೆ ಅದೇ ಶಿಷ್ಯೆ ಈಗ ಬೇರೊಂದು ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿ ಆಯ್ಕೆ ಸಮಿತಿಯಲ್ಲಿ ಕೂರುವವಳಿದ್ದಳು.

"ಅವಳಿಗೆ ಗೊತ್ತಲ್ವೇನ್ರೀ ಎಲ್ಲಾ? ಅವಳು ಒಂದು ಮಾತು ಹೇಳಿದ್ರೆ ಸಾಕು."

ಸಂದರ್ಶನದ ಕೋಣೆಯಲ್ಲಿ ಮೇಷ್ಟ್ರಿಗೆ ಸಿಕ್ಕಿದ್ದು ಕಾಲು ಅಲ್ಲಾಡುವ ಕುರ್ಚಿ. ರಸಾಯನಶಾಸ್ತ್ರದವರಾದ ಅಧ್ಯಕ್ಷರು, ಮೇಷ್ಟ್ರು ಮತ್ತು ಶಿಷ್ಯೆ ಸೇರಿ ಬರೆದ ಪೇಪರನ್ನೇ ಎತ್ತಿಕೊಂಡು, ಇದರಲ್ಲಿ ಮುಖ್ಯ ಕೆಲಸ ಯಾರದು ಎಂದು ಶಿಷ್ಯೆಯನ್ನು ಕೇಳಿದರು. ಏಳು ತಿಂಗಳು ಸತಾಯಿಸಿದ ಆ ಪೇಪರಿನ ಪ್ರಮೇಯದ ಗಂಟನ್ನು ಮೇಷ್ಟ್ರು ಬಸ್ ನಿಲ್ದಾಣದಲ್ಲಿ, ಉತ್ತರಪತ್ರಿಕೆಯೊಂದರ ಖಾಲಿ ಬೆನ್ನಿನ ಮೇಲೆ ಬಿಡಿಸಿದ್ದರು. ಆಗ ಪಕ್ಕದಲ್ಲಿ ನಿಂತು ನೋಡಿದವಳು ಅವಳೇ. ಈಗ ಒಮ್ಮೆ ಅವರ ಮುಖ ನೋಡಿದಳು, ಅಪ್ಪಣೆ ಕೇಳುವವಳಂತೆ. ಮೇಷ್ಟ್ರು ಕುರ್ಚಿಯ ಕಾಲು ಅಲ್ಲಾಡದಂತೆ ನೆಟ್ಟಗೆ ಕೂತರು.

"ನಮ್ಮಲ್ಲಿ ಹಾಗೆಲ್ಲ ಪಾಲು ಹಾಕಲ್ಲ ಸರ್," ಎಂದಳು. "ಕೆಲಸ ಇಬ್ಬರದೂ."

ಅಧ್ಯಕ್ಷರು ತಲೆಯಾಡಿಸಿ ಸೊನ್ನೆ ಬರೆದರು.

ಮನೆಗೆ ಬಂದು ಮೇಷ್ಟ್ರು ಫೈಲನ್ನು ಬೀರುವಿನ ಮೇಲಕ್ಕೆ ಎಸೆದರು. ಅವಳು ಏನಾದರೂ ಹೇಳಿದಳೇ ಎಂದು ಹೆಂಡತಿ ಕೇಳಿದರು.

"ಹೇಳಿದ್ಲು," ಎಂದರು ಮೇಷ್ಟ್ರು, ಚಪ್ಪಲಿಯನ್ನೂ ಬಿಡದೆ. "ನಾನು ಕಲಿಸಿದ್ದನ್ನ ಚಾಚೂ ತಪ್ಪದೆ ಹೇಳಿದ್ಲು."