ಫರಸಿಯ ಮೇಲೆ ಮಲಗಿದ ಅವ್ವ

ಎಂಬತ್ತರ ದಶಕದ ಪುಣೆಯಲ್ಲಿ ಕಲಾವಿದರಿಗೆಲ್ಲ ಒಮ್ಮಿಂದೊಮ್ಮೆಲೆ ಮಣ್ಣಿನ ಮೇಲೆ ಪ್ರೀತಿ ಉಕ್ಕಿತು. ಹೆಣ್ಣೂ ಭೂಮಿಯೂ ಬೇರೆಯಲ್ಲ ಅನ್ನುವ ಭಾಷಣ ಎಷ್ಟು ಕೇಳಿದೆನೋ. ನಾನಾಗ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದೆ. ದಿನವಿಡೀ ಮಕ್ಕಳ ಗದ್ದಲ, ಸಂಜೆ ಪಿಂಪ್ರಿಯ ಲೋಕಲ್‌ನಲ್ಲಿ ನೂಕುನುಗ್ಗಲು, ಉಳಿದ ಹೊತ್ತಿನಲ್ಲಿ ನನ್ನ ಚಿತ್ರ. ಭಾಷಣ ಸುಳ್ಳು ಅಂತಲ್ಲ. ಕೇಳಿ ಕೇಳಿ ದಣಿದಿದ್ದೆ.

ಒಂದು ಪ್ರದರ್ಶನಕ್ಕೆ ನನ್ನನ್ನೂ ಕರೆದರು. ಗೆಳತಿಯ ಕೋಣೆಯಲ್ಲಿ ಕೂತು ವರ್ಷವಿಡೀ ಬರೆದ ಎಣ್ಣೆಬಣ್ಣದ ಚಿತ್ರ ಒಯ್ದೆ. ನಮ್ಮ ಚಾಳಿನ ಮನೆಯಲ್ಲಿ, ಶಹಾಬಾದ್ ಕಲ್ಲು ಹಾಸಿದ ಫರಸಿಯ ಮೇಲೆ, ಮಧ್ಯಾಹ್ನ ಮಲಗಿದ ಅವ್ವ. ಕಲಬುರಗಿ ಕಡೆಯ ಊರಲ್ಲಿದ್ದಾಗ ಆಕೆ ಹಗಲು ಮಲಗಿದ್ದನ್ನು ನಾನು ಕಂಡೇ ಇಲ್ಲ. ಸಗಣಿ ಎತ್ತು, ನೆಲ ಸಾರಿಸು, ಗೋಡೆಗೆ ಮಣ್ಣು ಮೆತ್ತು, ಕುಳ್ಳು ತಟ್ಟು. ಪುಣೆಗೆ ಬಂದ ಮೇಲೆ ಒದ್ದೆ ಅರಿವೆಯಿಂದ ಫರಸಿ ಒರೆಸಿದರೆ ಮುಗಿಯಿತು. ಆ ತಂಪಿನ ಮೇಲೆ ತೋಳನ್ನೇ ತಲೆದಿಂಬು ಮಾಡಿಕೊಂಡು ಆಕೆ ನಿದ್ದೆ ಹೋದರೆ ನನ್ನ ಜೀವಕ್ಕೂ ತಂಪೆನಿಸುತ್ತಿತ್ತು.

ಪ್ರದರ್ಶನ ನಡೆಸುತ್ತಿದ್ದ ಹಿರಿಯ ಕಲಾವಿದೆ ಚಿತ್ರ ನೋಡಿ, ಚೆನ್ನಾಗಿದೆ, ಆದರೆ ಇದರಲ್ಲಿ ಮಣ್ಣೆಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದರು. ನಿಮ್ಮ ತಾಯಿಯನ್ನು ಕರೆತಂದು ಒಂದು ಗೋಡೆಗೆ ಸಗಣಿ-ಮಣ್ಣು ಬಳಿಸಿಕೊಡಿ, ಎದುರಿನ ಗೋಡೆ ನಿಮ್ಮ ಚಿತ್ರಕ್ಕೇ ಅಂದರು.

ಮನೆಗೆ ಬಂದು ಹೇಳಿದರೆ ಅವ್ವ ಮುಖ ಸಿಂಡರಿಸಿದಳು. "ಅದನ್ನ ಬಿಟ್ಟು ಬಂದೀವಲ್ಲ, ಮತ್ಯಾಕವಾ?" ನನ್ನ ಚಿತ್ರ ತೂಗುಹಾಕುತ್ತಾರೆ ಅಂದ ಮೇಲೆ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಇಡೀ ದಿನ ಕೆಮ್ಮಣ್ಣು, ಸಗಣಿ ಕಲಸಿ ಬಳಿದಳು. ಸುತ್ತ ನಿಂತವರು ಫೋಟೋ ತೆಗೆದರು. ಮಣ್ಣು ಮುಟ್ಟಿದಾಗ ಏನನ್ನಿಸುತ್ತದೆ ಎಂದು ಕಲಾವಿದೆ ಕೇಳಿದರು. ರಟ್ಟೆ ನೋಯುತ್ತವೆ ಎಂದಳು ಅವ್ವ, ತನಗೆ ಬರುವ ಮರಾಠಿಯಲ್ಲಿ. ಎಲ್ಲರೂ ನಕ್ಕರು.

ಸಂಜೆಗೆ ಗೋಡೆ ಅರ್ಧ ಒಣಗಿತ್ತು. ಕಲಾವಿದೆ ದೂರ ನಿಂತು ನೋಡಿ, ಇದರೆದುರು ಎಣ್ಣೆಬಣ್ಣ ಹೊಂದುವುದಿಲ್ಲ, ಆ ಗೋಡೆಗೂ ನಾಳೆ ಮಣ್ಣೇ ಬಳಿಸೋಣ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಅದೇ ಹೆಚ್ಚು ನೋಯಿಸಿತು.

ಅವ್ವ ಕೈ ತೊಳೆದು ಬಂದಳು. "ನಿನ್ನ ಚಿತ್ರ ಎಲ್ಲದ?" ಆಕೆ ಅದನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟಿದ್ದನ್ನು ತಿರುಗಿಸಿ ತೋರಿಸಿದೆ. ಇದಕ್ಕೆ ಜಾಗವಿಲ್ಲವಂತೆ, ನಾಳೆ ನೀನು ಮತ್ತೆ ಬಳಿಯಬೇಕಂತೆ ಎಂದೂ ಹೇಳಿದೆ. ಆಕೆ ಅಲ್ಲೇ ನೆಲಕ್ಕೆ ಕೂತು ಬಹಳ ಹೊತ್ತು ನೋಡಿದಳು.

"ಎಷ್ಟು ಚಲೋ ಮಲಗೀನಿ," ಅಂದಳು. ಆಮೇಲೆ ಮಂಡಿಗೆ ಕೈಯೂರಿ ಎದ್ದು, ಚಿತ್ರದ ಒಂದು ತುದಿ ತಾನೇ ಹಿಡಿದಳು. "ಇಲ್ಲಿ ಬಿಡಬ್ಯಾಡವಾ. ಇವರು ಎಬ್ಬಿಸ್ತಾರ."