ಉಪ್ಪಿಲ್ಲದ ಮಾಳಿಗೆ

ಹೊಸಪೇಟೆಯಲ್ಲಿ ಆ ಕಾಲಕ್ಕೆ ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ ಮೊದಲು ಒಂದು ತಂಬಿಗೆ ನೀರು ಸಿಗುತ್ತಿತ್ತು, ಆಮೇಲೆ ಒಂದು ಮೂಟೆ ಪ್ರಶ್ನೆ. ಯಾವ ಊರು, ಯಾವ ಮಂದಿ, ಗಂಡ ಏನು ಮಾಡುತ್ತಾನೆ, ಮನೆಯಲ್ಲಿ ಗಂಡಸರು ಎಷ್ಟು. ಹೊಳೆಮ್ಮ ಕಂಪ್ಲಿ ಕಡೆಯವಳು, ಗಂಡ ತೀರಿಕೊಂಡು ಎರಡು ವರ್ಷವಾಗಿದೆ, ಗಂಡಸರು ಯಾರೂ ಇಲ್ಲ. ಇಷ್ಟು ಹೇಳುವಷ್ಟರಲ್ಲಿ ತಂಬಿಗೆ ಒಳಗೆ ಹೋಗಿಬಿಡುತ್ತಿತ್ತು. ವರ್ಷಗಟ್ಟಲೆ ಖಾಲಿ ಬಿದ್ದ ಮನೆಗೆ ಅದೇ ಗಳಿಗೆಯಲ್ಲಿ ಒಬ್ಬ ನೆಂಟ ಹುಟ್ಟಿಕೊಳ್ಳುತ್ತಿದ್ದ. "ನಮ್ಮ ಅಣ್ಣನ ಮಗ ಬರಾವ ಅದಾನವ್ವಾ" ಎಂದು ಮೂರು ಬೀದಿಗಳಲ್ಲಿ ಹೇಳಿಸಿಕೊಂಡಳು. ಆ ಅಣ್ಣನ ಮಕ್ಕಳೆಲ್ಲ ನಿಜಕ್ಕೂ ಬಂದಿದ್ದರೆ ಊರಲ್ಲಿ ಕಾಲಿಡಲು ಜಾಗ ಉಳಿಯುತ್ತಿರಲಿಲ್ಲ.

ಹಾಗಂತ ಹೊಳೆಮ್ಮ ಹಣೆ ಚಚ್ಚಿಕೊಂಡು ಕೂರುವವಳಲ್ಲ. ಕಂಪ್ಲಿ ಸುತ್ತಿನ ಹಳ್ಳಿಗಳಲ್ಲಿ ಅವಳ ಗಂಡ ಚಪ್ಪಟೆ ಮಣ್ಣಿನ ಸೂರಿನ ಮಾಳಿಗೆ ಮನೆಗಳ ಮೇಲೆ ಮಣ್ಣು ಹಾಕುವುದರಲ್ಲಿ ಹೆಸರು ಮಾಡಿದ್ದ. ಇಪ್ಪತ್ತು ವರ್ಷ ಅವನಿಗೆ ಬುಟ್ಟಿ ಹೊತ್ತವಳು, ಅವನು ತಪ್ಪಿದಲ್ಲಿ ಮೆಲ್ಲಗೆ ತಿದ್ದಿದವಳು ಇವಳೇ. ಗಂಡ ಹೋದ ಮೇಲೆ ಮೈದುನರು ಎತ್ತು, ಗುದ್ದಲಿಗಳ ಜೊತೆಗೆ ಅವಳನ್ನೂ ಪಾಲು ಹಾಕಿಕೊಳ್ಳಲು ನೋಡಿದಾಗ, ಒಂದು ಗಂಟು ಬಟ್ಟೆ ಕಟ್ಟಿಕೊಂಡು ಹೊಸಪೇಟೆಗೆ ಬಂದಳು. ಅಕ್ಕಿ ಗಿರಣಿಯ ಕಣದಲ್ಲಿ ಕುದಿಸಿದ ಭತ್ತ ಹರವುವ ಕೆಲಸ ಸಿಕ್ಕಿತು. ಮಲಗಲು ಗಿರಣಿಯ ಹಿಂದಿನ ತೌಡಿನ ಕೊಟ್ಟಿಗೆ. ಒಬ್ಬಳೇ ಜೀವಕ್ಕೆ ಅದು ಸಾಕಾಗಿತ್ತು.

ಸಾಕಾಗದೆ ಹೋದದ್ದು ಮಗಳ ಕುಬಸದ ದಿನ. ಒಬ್ಬಳೇ ಮಗಳು ವಿರುಪಮ್ಮನನ್ನು ಸಂಡೂರಿಗೆ ಕೊಟ್ಟಿದ್ದಳು. ಯುಗಾದಿ ಮುಗಿದ ವಾರ, ಏಳು ತಿಂಗಳ ಬಸುರಿಗೆ ಹಸಿರು ಕುಬಸ ತೊಡಿಸಿ, ಬಳೆ ಇಡಿಸಿ, ಇನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವ ಮಾತು ಎತ್ತಬೇಕು, ಅಷ್ಟರಲ್ಲಿ ಬೀಗತಿ ಭೀಮಮ್ಮ ಎಲೆ ಅಡಿಕೆ ಕೆಳಗಿಟ್ಟಳು.

"ಸಿಟ್ಟಿಗೇಳಬ್ಯಾಡ ಬೀಗತಿ. ತೌಡಿನ ಕೊಟ್ಟಿಗ್ಯಾಗ ಹಡಿಯಾಕ ನನ್ನ ಸೊಸಿನ್ನ ಕಳಸಂಗಿಲ್ಲ. ನಿಂದು ಅಂತ ಒಂದು ಹೊಸ್ತಿಲ ತೋರ್ಸು, ನಾನ ಗಾಡಿ ಕಟ್ಟಿಸಿ ಕಳಸ್ತೀನಿ."

ಮಾತು ಚುಚ್ಚುವಂತಿತ್ತು, ಆದರೆ ಸುಳ್ಳಾಗಿರಲಿಲ್ಲ. ಹೊರಡುವಾಗ ವಿರುಪಮ್ಮ ತಾಯಿಯ ಸೆರಗು ಹಿಡಿದುಕೊಂಡು, "ಯವ್ವಾ, ನಂಗ ಅಂಜಿಕಿ ಆಕ್ಕೈತಿ. ನೀನಾ ಬೇಕು" ಎಂದಳು. ಮುಂಗಾರು ಹಿಡಿದು ಮಿರಗದ ಮಳೆ ಬೀಳುವ ಮೊದಲು ಕರೆದುಕೊಂಡು ಹೋಗುತ್ತೇನೆಂದು ಹೊಳೆಮ್ಮ ಮಗಳ ತಲೆ ಮುಟ್ಟಿ ಹೇಳಿ ಬಂದಳು. ಹೇಳಿದ್ದೇನೋ ಹೇಳಿಬಿಟ್ಟಳು. ಮನೆ ಎಲ್ಲಿಂದ ತರಬೇಕು? ಆ ಮೂರು ಬೀದಿ ಅಲೆದದ್ದು ಆಗಲೇ.

ಗಿರಣಿಯಲ್ಲಿ ಅವಳ ಜೊತೆ ಭತ್ತ ಹರವುವ ಜಂಬಮ್ಮ ಊರಿನ ಹಳಬಳು. ಯಾವ ಮನೆಯಲ್ಲಿ ಎಷ್ಟು ಬೆಕ್ಕು ಎಂಬುದೂ ಅವಳಿಗೆ ಗೊತ್ತು.

"ಒಂದು ಮನಿ ಐತಕ್ಕಾ. ಯಾರೂ ಇಲ್ಲ ಅದ್ರಾಗ. ಆದ್ರ ಅದು ಅಳೋ ಮನಿ."

"ಹಂಗಂದ್ರ?"

"ಮಳಿ ಬಂದ್ರ ಮೂರೂ ಅಂಕಣದಾಗ ತಟತಟ ಅಂತೈತಿ. ಯಾರೋ ಸೊಸಿ ಅತ್ತಗೋಂತ ಹೋದ ಮನಿ ಅಂತ, ಆಕಿ ಕಣ್ಣೀರು ನಿಂತಿಲ್ಲಂತ. ಮೂರು ವರ್ಷಕ್ಕ ಮೂರು ಸಂಸಾರ ಓಡಿಹೋದ್ವು."

ಹೊಳೆಮ್ಮನಿಗೆ ಸೊಸೆಯ ಕಥೆ ಕಿವಿಗೇ ಬೀಳಲಿಲ್ಲ. ಮಾಳಿಗೆ ಸೋರುತ್ತದೆ ಎಂಬುದೊಂದೇ ಬಿತ್ತು. ಮಾಳಿಗೆ ಯಾಕೆ ಸೋರುತ್ತದೆಂದು ಅವಳಿಗೆ ಯಾವ ಸೊಸೆಯೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಯ ಒಡೆಯ ಅಂದಾನಪ್ಪ, ಪೇಟೆಯಲ್ಲಿ ಹಗ್ಗ, ಎಣ್ಣೆ, ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವನು. ಅವನ ನಾಲ್ಕು ಗಾಡಿಗಳು ದಿನಾ ಸಂಡೂರಿಗೆ ಸಾಮಾನು ಹೊತ್ತು ಹೋಗಿ ಬರುತ್ತಿದ್ದವು. ಮನುಷ್ಯ ಕೆಟ್ಟವನಲ್ಲ, ಆದರೆ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರೆ ನಾಲಿಗೆ ಅವನ ಹಿಡಿತದಲ್ಲಿ ಇರುತ್ತಿರಲಿಲ್ಲ. ಆವತ್ತು ಆರು ಜನ ಇದ್ದರು.

"ಹೆಸರೇನವ್ವಾ?"

"ಹೊಳೆಮ್ಮ ಅಂತ್ರಿ."

ಅಂದಾನಪ್ಪ ತಕ್ಕಡಿ ಬಿಟ್ಟು ಹೊಟ್ಟೆ ಹಿಡಿದುಕೊಂಡ. "ಕೇಳಿದ್ರೇನ್ರಪ್ಪಾ! ಹನಿ ತಡಕೊಳ್ಳಲಾರದ ಮನಿಗೆ ಹೊಳೀನ ಕರ್ಕೊಂಡು ಹೋಗಿ ಕುಂದ್ರಸ್ಬೇಕಂತ!"

ಆರೂ ಜನ ನಕ್ಕರು. ಹೆತ್ತವರು ತುಂಗಭದ್ರೆಗೆ ಹರಕೆ ಹೊತ್ತು ಇಟ್ಟ ಹೆಸರು ಅದು. ಹೊಳೆಮ್ಮನ ಮುಖ ಕಾದ ಹೆಂಚಾಯಿತು. ಸಿಟ್ಟನ್ನು ನುಂಗಿ, ನಗು ನಿಲ್ಲುವ ತನಕ ಅಲ್ಲೇ ನಿಂತಳು.

"ನಕ್ಕಿದ್ದು ಆತಲ್ರಿ ಸಾವ್ಕಾರ್ರ. ಮಾಳಿಗಿ ಒಮ್ಮೆ ನೋಡ್ಲೇನ್ರಿ? ಮಗಳು ಬಸುರಿ ಅದಾಳ. ನಂಗ ಮನಿ ಬೇಕು."

ಕೊನೆಯ ಮಾತಿಗೆ ಅಂದಾನಪ್ಪನ ನಗು ಅರ್ಧಕ್ಕೇ ನಿಂತಿತು. ಅವನೂ ಹೆಣ್ಣುಮಕ್ಕಳನ್ನು ಹಡೆದವನು. ಕೀಲಿಕೈ ತೆಗೆದುಕೊಂಡು ಜೊತೆಗೇ ಬಂದ.

ಮನೆ ಚೆನ್ನಾಗಿತ್ತು. ಗಟ್ಟಿ ಗೋಡೆ, ಬೇವಿನ ತೊಲೆ, ಸೊಂಟದೆತ್ತರದ ಕಟ್ಟೆ, ಎಣ್ಣೆ ಕಾಣದೆ ಒಣಗಿದ ದೊಡ್ಡ ಹೊಸ್ತಿಲು. ಹೊಳೆಮ್ಮ ಹೊಸ್ತಿಲನ್ನು ಒಂದು ಸಲ ಕೈಯಿಂದ ಸವರಿ, ಏಣಿ ಹತ್ತಿದಳು. ಮೇಲೆ ಮಾಳಿಗೆ ಕುಂಕುಮ ಚೆಲ್ಲಿದಂತೆ ಕೆಂಪಗಿತ್ತು. ಗಾಡಿಗಳು ಸಂಡೂರಿನಿಂದ ಖಾಲಿ ಬರಬಾರದೆಂದು ಅಂದಾನಪ್ಪ ಅಲ್ಲಿನ ಗುಡ್ಡದ ಮಣ್ಣು ತುಂಬಿಸಿ ತರಿಸಿ, ವರ್ಷ ವರ್ಷವೂ ಮಾಳಿಗೆಗೆ ಸುರಿಸಿದ್ದ. ಇಡೀ ಓಣಿಯಲ್ಲಿ ಕೆಂಪು ಮಾಳಿಗೆ ತನ್ನದೊಂದೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಹೊಳೆಮ್ಮ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು.

"ಏ, ಏ! ಬಸುರಿ ನಿನ್ನ ಮಗಳೋ, ನೀನೋ? ಮಣ್ಣು ತಿನ್ನಾಕತ್ತೀಯಲ್ಲ!"

ಅವಳು ಉಗುಳಿ, ಬಾಯೊರೆಸಿಕೊಂಡಳು. "ಸಪ್ಪಗೈತ್ರಿ. ನಿಮ್ಮ ಮಾಳಿಗಿಗೆ ಉಪ್ಪಿಲ್ಲ."

"ಉಪ್ಪಾ?"

"ಮಾಳಿಗಿಗೆ ಸವಳು ಮಣ್ಣು ಹಾಕ್ಬೇಕ್ರಿ, ನಾಲಿಗಿಗೆ ಉಪ್ಪುಪ್ಪು ಹತ್ತೋದು. ಅದು ಮಳಿ ಬಿದ್ದಂಗ ಬಿಗಿತೈತಿ. ಇದು ಮಳಿ ಬಿದ್ದಂಗ ಬಾಯಿ ಬಿಡತೈತಿ. ಯಾವ ಸೊಸಿನೂ ಅತ್ತಿಲ್ಲ ಇಲ್ಲಿ."

"ಸಂಡೂರು ಮಣ್ಣಿಗೆ ಹೆಸರಿಡ್ತೀಯೇನು? ಅಲ್ಲೀ ಮಣ್ಣು ಹಡಗಿನ್ಯಾಗ ಇಲಾಯ್ತಿಗೆ ಹೋಗತೈತಿ, ಗೊತ್ತೈತೇನು?"

"ಹೋಗ್ಲಿ ಬಿಡ್ರಿ. ಅಲ್ಲಿ ಅದನ್ನ ಮಾಳಿಗಿ ಮ್ಯಾಲ ಹಾಕ್ತಾರೇನು?"

ಅಂಗಡಿಯ ಆರು ಜನ ಏಣಿ ಹತ್ತಿ ಬಂದಿರಲಿಲ್ಲ, ಅದೊಂದು ಪುಣ್ಯ. ಅಂದಾನಪ್ಪ ಮೀಸೆ ತಿರುವಿ ಒಂದು ಕರಾರು ಹಾಕಿದ. ಅವಳೇ ಮಣ್ಣು ಹಾಕಿಕೊಳ್ಳಲಿ, ಮನೆಯಲ್ಲಿ ಇರಲಿ, ಬಾಡಿಗೆಯ ಮಾತು ಮಿರಗದ ಮೊದಲ ಮಳೆ ಆದ ಮೇಲೆ. ಆದರೆ ಅವತ್ತು ಒಂದೇ ಒಂದು ಹನಿ ಸೋರಿದರೂ ಮನೆ ಬಿಡಬೇಕು.

"ಮಗಳು ಹಡದಿದ್ರೂ?" ಎಂದು ಅವನೇ ಅನುಮಾನದಿಂದ ಕೇಳಿದ.

"ಹಡದಿದ್ರೂ ರೀ" ಎಂದಳು ಹೊಳೆಮ್ಮ.

ಸವಳು ಹುಡುಕುವುದಕ್ಕೇ ಎಂಟು ದಿನ ಹಿಡಿಯಿತು. ಕಾಲುವೆಯ ಕೊನೆಗೆ, ಬೆಳೆ ಏಳದೆ ನೆಲ ಉಪ್ಪಿನಿಂದ ಬೆಳ್ಳಗೆ ಹೂ ಬಿಟ್ಟಿದ್ದ ಒಂದು ತಗ್ಗು ಸಿಕ್ಕಿತು. ನಾಲ್ಕು ಕಡೆಯ ಮಣ್ಣನ್ನು ನೆಕ್ಕಿ ನೋಡಿ, ಐದನೆಯದಕ್ಕೆ ಅವಳು ತಲೆಯಾಡಿಸಿದಳು. ನಸುಕಿನಲ್ಲಿ ಎರಡು ಬುಟ್ಟಿ, ಗಿರಣಿ ಬಿಟ್ಟ ಮೇಲೆ ಎರಡು ಬುಟ್ಟಿ. ಅಮಾವಾಸ್ಯೆಯ ದಿನ ಗಿರಣಿಗೆ ರಜೆ. ಜಂಬಮ್ಮ ಕಣದ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಂದಳು. ಕೆಂಪು ಮಣ್ಣು ಬುಟ್ಟಿ ಬುಟ್ಟಿಯಾಗಿ ಕೆಳಗಿಳಿಯಿತು. ಅಂದಾನಪ್ಪ ರಸ್ತೆಯಲ್ಲಿ ನಿಂತು, ತನ್ನ ಮಗಳ ಮದುವೆಯ ಚಪ್ಪರ ಕಿತ್ತವರನ್ನು ನೋಡುವಂತೆ ನೋಡಿದ. ಅವನ ಮುಖ ನೋಡಲಾರದೆ ಹೊಳೆಮ್ಮ ಅದೇ ಮಣ್ಣನ್ನು ಕಲಸಿ ಗೋಡೆಯ ಬುಡಕ್ಕೆಲ್ಲ ಬಳಿಸಿದಳು. "ಗ್ವಾಡಿಗೆ ಭಾಳ ಚಂದ್ರಿ ಇದು" ಎಂದಾಗ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ತೊಲೆಗಳ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಹದವಾಗಿ ಕಲಸಿದ ಮಣ್ಣು, ಅದು ಆರಿದ ಮೇಲೆ ಗೇಣು ದಪ್ಪ ಸವಳು. ನೀರು ಹೊರಬೀಳುವ ಕಲ್ಲಿನ ದೋಣಿಯ ಕಡೆಗೆ ಇಳಿಜಾರು ಸರಿಯಿದೆಯೇ ಎಂದು ಅವಳು ಅಂಗಾಲಿನಿಂದಲೇ ನೋಡುತ್ತ ಬಿಸಿಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಳು. ಗಂಡ ನಡೆಯುತ್ತಿದ್ದುದೂ ಹೀಗೇ. ನೆನಪಾಗಿ ಒಮ್ಮೆ ಕಣ್ಣು ತುಂಬಿತು, ಒರೆಸಿಕೊಂಡು ಮುಂದೆ ನಡೆದಳು.

ಭೀಮಮ್ಮ ಆಡಿದ ಮಾತಿಗೆ ತಪ್ಪಲಿಲ್ಲ. ಮನೆ ಸಿಕ್ಕಿದ ಸುದ್ದಿ ಸಂಡೂರು ಮುಟ್ಟಿದ ನಾಲ್ಕನೇ ದಿನ ಕಮಾನು ಗಾಡಿ ಬಂತು. ಎಣ್ಣೆ, ಅರಿಸಿನ ಕಂಡು ಹೊಳೆಯುತ್ತಿದ್ದ ಹೊಸ್ತಿಲನ್ನು ವಿರುಪಮ್ಮ ಬಲಗಾಲಿಟ್ಟು ದಾಟಿದಳು. ಇಪ್ಪತ್ತು ದಿನಕ್ಕೆ ಗಂಡುಕೂಸು, ತಾಯಿ ಮಗು ಇಬ್ಬರೂ ಸುಖ. ಹೊಳೆಮ್ಮನಿಗೆ ಮಾತ್ರ ನಿದ್ದೆಯಿಲ್ಲ. ಬಾಣಂತಿಯ ತಲೆಯ ಮೇಲಿರುವುದು ತಾನು ಹಾಕಿದ ಮಣ್ಣು, ಅದಿನ್ನೂ ಒಂದು ಮಳೆ ಕಂಡಿರಲಿಲ್ಲ.

ಕೂಸು ಹುಟ್ಟಿದ ಐದನೇ ದಿನ ಮಧ್ಯಾಹ್ನ ಜಂಬುನಾಥನ ಗುಡ್ಡದ ಮೇಲೆ ಮೋಡ ಕವಿದು, ಮಿರಗದ ಮಳೆ ಹೊಡೆಯತೊಡಗಿತು. ಎದುರಿನ ಮನೆ ಕಾಣದಂಥ ಮಳೆ. ಹೊಳೆಮ್ಮ ಕೂಸಿನ ಪಕ್ಕದಲ್ಲಿ ಕೂತು ತೊಲೆ ತೊಲೆಯನ್ನೂ ನೋಡಿದಳು. ದೋಣಿಯಿಂದ ನೀರು ಧೋ ಎಂದು ಬೀದಿಗೆ ಬೀಳುವುದು ಕೇಳಿತು. ಒಳಗೆ ಏನೂ ಇಲ್ಲ. ಅರ್ಧ ಗಂಟೆಯಾದರೂ ಏನೂ ಇಲ್ಲ.

ಅಷ್ಟರಲ್ಲಿ ಅಂದಾನಪ್ಪ ಛತ್ರಿ ಹಿಡಿದು ಬಂದ. ನಡುಮನೆಯ ತನಕ ನಡೆದು ತಲೆಯೆತ್ತಿ ನೋಡಿದ. ಟಪ್ ಎಂದಿತು. ನೆಲದ ಮೇಲೆ ಒಂದು ಹನಿ.

"ಬಿತ್ತು!" ಎಂದ ಅಂದಾನಪ್ಪ.

ಹೊಳೆಮ್ಮ ದಡಕ್ಕನೆ ಎದ್ದಳು. ಇನ್ನೊಂದು ಹನಿ ಟಪ್ ಎಂದಿತು. ಮೂಲೆಯಲ್ಲಿ ಹಾಸಿಗೆಯ ಮೇಲಿದ್ದ ವಿರುಪಮ್ಮ ಕಿಸಕ್ಕನೆ ನಕ್ಕಳು. "ಅಜ್ಜಾರ, ಅದು ನಿಮ್ಮ ಛತ್ರೀದು!"

ಅಂದಾನಪ್ಪ ಛತ್ರಿ ನೋಡಿದ, ಮಾಳಿಗೆ ನೋಡಿದ, ಹೊಳೆಮ್ಮನನ್ನು ನೋಡಿದ. ಛತ್ರಿಯನ್ನು ಹೊರಗಿಟ್ಟು ಬಂದು ಮೂರೂ ಅಂಕಣ ಸುತ್ತಿ, ಗೋಡೆ ಮುಟ್ಟಿ, ನೆಲ ಮುಟ್ಟಿ ನೋಡಿದ. ಎಲ್ಲ ಬೆಚ್ಚಗೆ ಒಣಗಿತ್ತು. "ತಂಗೀ," ಎಂದ, ದನಿ ಸಣ್ಣದಾಗಿತ್ತು, "ನನ್ನ ಸ್ವಂತ ಮನೀನೂ ಕೆಂಪು ಮಣ್ಣಿಂದಾ. ಈಗ ಅಲ್ಲಿ ಎಂಟು ಪಾತ್ರಿ ಇಟ್ಟು ಬಂದೀನಿ."

ಹೊಳೆಮ್ಮ ನಕ್ಕುಬಿಟ್ಟಳು. ಎರಡು ತಿಂಗಳಲ್ಲಿ ಅದೇ ಮೊದಲ ಸಲ. ವರ್ಷಕ್ಕೊಮ್ಮೆ ಅವನ ಮನೆ, ಅಂಗಡಿಗಳ ಮಾಳಿಗೆ ಇವಳು ನೋಡಿಕೊಳ್ಳುವುದು, ಇವಳು ಇರುವಷ್ಟು ದಿನ ಈ ಮನೆಯಲ್ಲಿ ಬಾಡಿಗೆಯಿಲ್ಲದೆ ಇರುವುದು ಎಂದು ಅಲ್ಲೇ ನಿಂತ ನಿಲುವಿನಲ್ಲಿ ಮಾತಾಯಿತು. ಅಷ್ಟು ಹೊತ್ತು ಸುಮ್ಮನಿದ್ದ ಕೂಸು ಎಚ್ಚರಾಗಿ, ಓಣಿಗೆಲ್ಲ ಕೇಳುವಂತೆ ಅಳಲು ಶುರುಮಾಡಿತು.

ಅಂದಾನಪ್ಪ ಹೊರಗೆ ಬಂದು ಛತ್ರಿ ಬಿಚ್ಚುವಾಗ, ಮಳೆಯಲ್ಲಿ ಗೋಣಿಕೊಪ್ಪೆ ಹಾಕಿಕೊಂಡ ಹೆಂಗಸೊಬ್ಬಳು ಗಾಡಿಯಿಂದ ಇಳಿದಳು. ಮೊಮ್ಮಗನನ್ನು ನೋಡಲು ಬಂದ ಭೀಮಮ್ಮ. ಪೇಟೆಯಲ್ಲಿ ದಾರಿ ಕೇಳಿದಾಗ ಎಲ್ಲರೂ ಒಂದೇ ಗುರುತು ಹೇಳಿ ಕಳಿಸಿದ್ದರು.

"ಯಣ್ಣಾ, ಇಲ್ಲಿ ಅಳೋ ಮನಿ ಅಂತಾರಲ್ಲ, ಯಾವುದ್ರಿ?"

"ಅಳೋ ಮನಿ ಈ ಊರಾಗ ಯಾವುದೂ ಇಲ್ಲವ್ವಾ" ಎಂದ ಅಂದಾನಪ್ಪ ಗಟ್ಟಿಯಾಗಿ. "ಹೊಳೆಮ್ಮನ ಮನಿ ಐತಿ. ಅಕಾ, ಕೂಸು ಅಳಾಕತ್ತೈತಲ್ಲ, ಅದಾ ಬಾಗಿಲು."

ಭೀಮಮ್ಮ ಹೊಸ್ತಿಲ ಮುಂದೆ ನಿಂತು, ಗೋಣಿಕೊಪ್ಪೆ ತೆಗೆದು, ಕಾಲು ತೊಳೆದುಕೊಂಡಳು. ಒಳಗಿನಿಂದ ಹೊಳೆಮ್ಮ ತಂಬಿಗೆ ತುಂಬ ನೀರು ಹಿಡಿದು ಬಂದಳು.

"ಬಾ ಬೀಗತಿ, ಒಳಗ ಬಾ" ಎಂದಳು. "ನಮ್ಮನಿ ಇದು."