ಮಗ್ಗುಲು ಹೊರಳಿಸು ಎಂದ ದನಿ

ದೆವ್ವ ಕಂಡೆ ಎನ್ನುವವರನ್ನು ಮುಖದ ಮೇಲೆ ನಕ್ಕು ಕಳಿಸುತ್ತಿದ್ದವ ನಾನು. ಆರನೇ ಇಯತ್ತೆಗೆ ಶಾಲೆ ಬಿಟ್ಟು ಹಾವೇರಿ ಕಡೆಯಿಂದ ಕಾಶಿಗೆ ಬಂದೆ. ಪೈಪು, ನಲ್ಲಿ, ಪಂಪು ರಿಪೇರಿ ಮಾಡುತ್ತಲೇ ಸಂಸಾರ ಕಟ್ಟಿದೆ, ಯಾರ ಮುಂದೂ ಕೈ ಚಾಚಲಿಲ್ಲ. ಮಂದಿಯ ಮನೆಯ ಕತ್ತಲೆ ಮೂಲೆಗಳಲ್ಲೇ ನನ್ನ ಕೆಲಸ. ಅಲ್ಲಿ ಇಲಿ, ಚೇಳು ಸಿಕ್ಕಿವೆ, ಬೇರೇನೂ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ನೀವು ನಗುವುದಾದರೆ ನಗಿ.

ಕೊರೊನಾದ ಎರಡನೇ ಅಲೆಯ ಸಮಯ. ನಾವಿದ್ದದ್ದು ಕಾಶಿಯ ಭೇಲೂಪುರದ ಒಂದು ಒಳಗಲ್ಲಿಯಲ್ಲಿ. ಕೆಳಗೆ ನಾನು, ಹೆಂಡತಿ, ಮಕ್ಕಳು. ಮೇಲಿನ ಕೋಣೆಯಲ್ಲಿ ಗೋದಜ್ಜಿ. ಸವಣೂರಿನವರು, ಗಂಡ ತೀರಿದ ಮೇಲೆ ಇಲ್ಲೇ ಪ್ರಾಣ ಬಿಡಬೇಕೆಂದು ಬಂದವರು. ಕಾಶಿಯಲ್ಲಿ ಸಾಯುವವರ ಬಲಗಿವಿಯಲ್ಲಿ ಶಿವನೇ ಬಂದು ಮಂತ್ರ ಹೇಳುತ್ತಾನೆ ಎಂಬ ನಂಬಿಕೆ ಅವರದು. ಅದಕ್ಕೆ ಆ ಕಿವಿ ಮೇಲಿರಬೇಕು. ಅಜ್ಜಿ ದಿನವೂ ಎಡಮಗ್ಗುಲಲ್ಲೇ ಮಲಗುತ್ತಿದ್ದರು. ಆಗಷ್ಟೇ ಅವರಿಗೆ ಕೆಮ್ಮು ಶುರುವಾಗಿತ್ತು. ಕೆಮ್ಮಿದವರನ್ನು ಸ್ವಂತ ಮಕ್ಕಳೇ ಮುಟ್ಟದ ಕಾಲ ಅದು. ಹೆಣ ಸುಡುವ ಘಾಟಿನ ಹೊಗೆ ನಮ್ಮ ಮಾಳಿಗೆಯ ತನಕ ಬರುತ್ತಿತ್ತು.

ದೊಡ್ಡ ರಸ್ತೆಗೆ ಹೋದರೆ ಪೊಲೀಸರ ಲಾಠಿ. ಕೆಲಸವಿಲ್ಲದೆ ನನ್ನ ಕೈ ತುರಿಸುತ್ತಿತ್ತು. ಹಾಗಾಗಿ ಗಲ್ಲಿಯೊಳಗಿನ ಪಾಳುಮನೆಗಳನ್ನು ಹೊಕ್ಕು ನೋಡುವ ಚಟ ಹತ್ತಿತು. ಹಳೇ ಕಾಲದವರು ಪೈಪು ಹೇಗೆ ಎಳೆದಿದ್ದಾರೆ, ಎಂಥ ಹಿತ್ತಾಳೆಯ ನಲ್ಲಿ ಕೂಡಿಸಿದ್ದಾರೆ ಎಂದು ನೋಡುವುದು, ಅಷ್ಟೇ. ಹಿಂದಿನ ಗಲ್ಲಿಯಲ್ಲಿ ಒಂದು ಛತ್ರವಿತ್ತು. ಒಂದು ಕಾಲಕ್ಕೆ ದೂರದೂರದ ಮುದುಕರು ಸಾಯಲೆಂದೇ ಬಂದು ಇಳಿಯುತ್ತಿದ್ದ ಜಾಗ. ಮಾಲೀಕರ ಜಗಳದಲ್ಲಿ ಬೀಗ ಬಿದ್ದು ಎಷ್ಟೋ ವರ್ಷವಾಗಿತ್ತು. ಒಂದು ಮಧ್ಯಾಹ್ನ ಹಿಂದಿನ ಗೋಡೆ ಕುಸಿದ ಕಡೆಯಿಂದ ಒಳಗೆ ಹೋದೆ.

ಒಳಗಿನ ಕೋಣೆಯಲ್ಲಿ ಗೋಡೆಗೆ ಹತ್ತಿಕೊಂಡು ಒಂದು ಚಾಪೆ ಹಾಸಿತ್ತು. ಅದರ ಮೇಲೆ ದಪ್ಪ ಧೂಳು. ನೋಡಿ ತಿರುಗಿದೆ.

"ತಮ್ಮಾ, ಒಂಚೂರು ಮಗ್ಗಲಾ ಹೊಳ್ಳಸೋ. ಬಲಗಿವಿ ಕೆಳಗಾಗೇದ."

ಬೆನ್ನ ಹಿಂದೆಯೇ, ದಣಿದ ಮುದುಕಿಯ ದನಿ. ಅದೂ ಕನ್ನಡದಲ್ಲಿ! ಆ ಓಣಿಯಲ್ಲಿ ನಮ್ಮ ಮನೆ ಬಿಟ್ಟರೆ ಕನ್ನಡ ಆಡುವವರೇ ಇಲ್ಲ. ನನ್ನ ಮಕ್ಕಳೇ ಹಿಂದಿಯಲ್ಲಿ ಉತ್ತರ ಕೊಡುತ್ತವೆ. ತಿರುಗಿ ನೋಡಿದರೆ ಚಾಪೆ ಮಾತ್ರ. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ನಕ್ಕು ಧೈರ್ಯ ಹೇಳಲಿ ಎಂದು ಗೋದಜ್ಜಿಯ ಮುಂದೆ ಹೇಳಿದೆ. ಅವರು ನಗಲಿಲ್ಲ.

"ಹೊಳ್ಳಿಸಿದ್ಯಾ?"

"ಯಾರನ್ನ ಹೊಳ್ಳಸ್ಲಿ ಅಜ್ಜಿ? ಅಲ್ಲಿ ಯಾರೂ ಇದ್ದಿಲ್ಲ."

"ಇಲಿ, ಚೇಳಿಗೆ ಅಂಜಲಾರದಾಂವ ಮುದುಕಿ ದನಿಗೆ ಅಂಜಿ ಓಡಿ ಬಂದ್ಯಾ? ಭೇಷ್, ಗಂಡಸು!" ಎಂದರು. ಆಮೇಲೆ ಕೆಮ್ಮಿ, ಮೆಲ್ಲಗೆ, "ನಾಳೆ ನಾ ಹಂಗ ಕರದ್ರ? ಆಗ್ಲೂ ಓಡ್ತಿಯೇನೋ?"

ಅಜ್ಜಿ ಮುಂದಿದ್ದ ಗಂಜಿಯ ಬಟ್ಟಲನ್ನು ಆಚೆ ತಳ್ಳಿ ಗೋಡೆಗೆ ಮುಖ ಮಾಡಿದರು.

ಹೊತ್ತು ಇಳಿಯುವ ಮುಂಚೆ ಮತ್ತೆ ಹೊರಟೆ. "ಕಹಾಂ ಜಾತ್ ಹಉವಾ ಮಿಸ್ತ್ರಿ?" ಎಲ್ಲಿಗೆ ಹೊರಟೆ ಎಂದು ಪಕ್ಕದ ಮನೆಯ ಮುದುಕ ಕಿಟಕಿಯಿಂದ ಕೇಳಿದ. ನಲ್ಲಿ ಕೆಲಸ ಎಂದು ಸುಳ್ಳು ಹೇಳಿದೆ.

ಛತ್ರದ ಕೋಣೆ ನಿಶ್ಶಬ್ದವಾಗಿತ್ತು. ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಖಾಲಿ ಜಾಗದ ಮುಂದೆ ಹೀಗೆ ಕೂತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಹೆಗಲು ಇರಬೇಕಾದಲ್ಲಿ ಒಂದು ಕೈ, ಸೊಂಟ ಇರಬೇಕಾದಲ್ಲಿ ಇನ್ನೊಂದು ಕೈ ಚಾಚಿ, "ಹೊಳ್ರಿ ಅಮ್ಮಾ" ಎಂದೆ.

ಕೈಗೆ ಭಾರ ಹತ್ತಿತು.

ಕಬ್ಬಿಣದ ಪೈಪು ಎತ್ತಿ ಎತ್ತಿ ಬಲಿತ ಕೈ ನನ್ನದು, ಭಾರ ಅಂದರೆ ಏನೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಒಣಗಿದ ಮೈ, ಹೆಗಲಿನ ಎಲುಬು. ಅದು ನಿಧಾನಕ್ಕೆ ಹೊರಳಿತು. ಒಂದು ನಿಟ್ಟುಸಿರು ಬಿಟ್ಟಂತಾಯಿತು. ಆಮೇಲೆ ಕೈ ಬರಿದಾಯಿತು. ಚಾಪೆಯ ಧೂಳಿನ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ಹೊಳ್ಳಿಸಿ ಬಂದೆ" ಎಂದು ಅಜ್ಜಿಗೆ ಹೇಳಿದೆ. ಅವರು ಏನೂ ಕೇಳದೆ ಗಂಜಿ ಕುಡಿದರು.

ಅಜ್ಜಿ ಆ ಸಲ ಉಳಿದುಕೊಂಡರು. ಮುಂದಿನ ಚಳಿಗಾಲದಲ್ಲಿ ಹೋದರು. ಕೊನೆಯಲ್ಲಿ ಸಂಕಟಕ್ಕೆ ಬಲಮಗ್ಗುಲಾಗಿಬಿಟ್ಟಿದ್ದರು, ದನಿ ಹೊರಡುತ್ತಿರಲಿಲ್ಲ, ಕಣ್ಣಿನಲ್ಲೇ ಬೇಡಿದರು. ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು ಹೊರಳಿಸಿದೆ. ಅದೇ ಭಾರ, ಅದೇ ಎಲುಬು.

ಸೊರಗಿದ ಮುದುಕಿಯರೆಲ್ಲ ಎತ್ತಿದರೆ ಹಾಗೇ ಇರುತ್ತಾರೆ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆದರೆ ಆ ಸಂಜೆ ಛತ್ರದಲ್ಲಿ ನಾನು ಹೊರಳಿಸಿದ್ದು ಯಾರನ್ನು ಎಂದು ಕೇಳಿದರೆ ಅವಳೂ ಎದ್ದು ದೇವರ ಮುಂದೆ ದೀಪ ಹಚ್ಚುತ್ತಾಳೆ.